ತಾರಸಿಯ ಮೇಲಿನ ವಿಳಾಸ

ದಾರಿ ಹೇಳುವುದರಲ್ಲಿ ನಮ್ಮ ತಂದೆಯವರಷ್ಟು ನಿಪುಣರನ್ನು ನಾನು ಕಂಡಿಲ್ಲ. "ಹಿಟ್ಟಿನ ಗಿರಣಿ ದಾಟಿ, ಸಂಪಿಗೆಮರದ ನೆರಳು ಬಿದ್ದಲ್ಲಿ ಎಡಕ್ಕೆ ತಿರುಗಿ" ಎನ್ನುವರು. ರಾತ್ರಿ ಬರುವವರು ನೆರಳನ್ನು ಎಲ್ಲಿ ಹುಡುಕಬೇಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ಆ ಕಷ್ಟವಿಲ್ಲ. ಮೊಬೈಲಿನ ನಕ್ಷೆಯಲ್ಲಿ ಒಂದು ನೀಲಿ ಚುಕ್ಕೆ; ಅದನ್ನು ಕಳುಹಿಸಿದರಾಯಿತು, ಬರುವವರು ಬಾಗಿಲಿಗೇ ಬಂದು ನಿಲ್ಲುವರೆಂಬ ನಂಬಿಕೆ.

ಕಳೆದ ಮಳೆಗಾಲದ ಒಂದು ರಾತ್ರಿ ಆ ತಂದೆಯವರಿಗೇ ಉಸಿರಾಟ ಕಷ್ಟವಾಯಿತು. ಆಂಬುಲೆನ್ಸಿಗೆ ತಿಳಿಸಿ, ನನ್ನ ಮಗ ನಡುಮನೆಯಿಂದಲೇ ಚುಕ್ಕೆಯನ್ನೂ ಕಳುಹಿಸಿದ. ಸ್ವಲ್ಪ ಹೊತ್ತಿನಲ್ಲಿ ಗಾಡಿಯ ಕೂಗು ಕೇಳಿಸಿತು—ನಮ್ಮ ಹಿಂದಿನ ಅಡ್ಡರಸ್ತೆಯಲ್ಲಿ! "ಮ್ಯಾಪು ಇಲ್ಲೇ ತೋರಿಸ್ತಿದೆ ಸಾರ್" ಎಂದ ಚಾಲಕ. ಸುತ್ತಿ ಬರೋಣವೆಂದರೆ ಏಕಮುಖ ಸಂಚಾರದ ರಸ್ತೆ. ಮಗ ಮಳೆಯಲ್ಲೇ ಓಡಿ ಕರೆತಂದ. ತಂದೆಯವರು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದರು. ಆದರೆ ಅವರ ಕೈ ಹಿಡಿದು, ಒಂದೇ ಸಮನೆ ಬಾಗಿಲ ಕಡೆ ನೋಡುತ್ತಿದ್ದ ತಾಯಿಯವರ ಮುಖ ಇಂದಿಗೂ ನನ್ನ ಕಣ್ಣಮುಂದಿದೆ.

ಮೊಬೈಲನ್ನು ಬಯ್ಯುವುದು ಸುಲಭ. ಅದರ ಪಾಡನ್ನೂ ಸ್ವಲ್ಪ ಕೇಳಬೇಕು. ಜಿ.ಪಿ.ಎಸ್. ಉಪಗ್ರಹಗಳು ಸುತ್ತುವುದು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ. ಪ್ರತಿಯೊಂದೂ ಬಿಡುವಿಲ್ಲದೆ ತನ್ನ ಗಡಿಯಾರದ ಸಮಯವನ್ನು ಸಾರುತ್ತಿರುತ್ತದೆ. ಕಡೆಯ ಪಕ್ಷ ನಾಲ್ಕರ ದನಿಯಾದರೂ ಕಿವಿಗೆ ಬಿದ್ದರೆ, ಅವು ಬಂದು ಮುಟ್ಟಲು ಹಿಡಿದ ಕಾಲವನ್ನು ಲೆಕ್ಕ ಹಾಕಿ ಮೊಬೈಲು ತಾನಿರುವ ತಾಣವನ್ನು ತಿಳಿಯುತ್ತದೆ. ಬಯಲಿನಲ್ಲಿ ಈ ಲೆಕ್ಕ ಸುಮಾರು 5 ಮೀಟರಿನೊಳಗೆ ಸರಿಹೋಗುವುದುಂಟು. ಆದರೆ ಅಷ್ಟು ದೂರದಿಂದ ಬರುವ ದನಿ ಬಲು ಕ್ಷೀಣ. ಕಾಂಕ್ರೀಟಿನ ಚಾವಣಿ ಅದನ್ನು ನುಂಗುತ್ತದೆ. ಎತ್ತರದ ಕಟ್ಟಡಗಳ ಗೋಡೆಗೆ ತಾಗಿ ಬಳಸಿ ಬಂದರಂತೂ ದೂರದ ಲೆಕ್ಕವೇ ತಪ್ಪುತ್ತದೆ. ನಮ್ಮ ಬೀದಿಯಲ್ಲಿ ಅಂಥ ಗೋಡೆಗಳಿಗೆ ಈಗ ಬರವಿಲ್ಲ.

ಉಪಗ್ರಹ ಸಿಗದಾಗ ಮೊಬೈಲು ನೆರೆಹೊರೆಯ ವೈ-ಫೈ, ಮೊಬೈಲು ಗೋಪುರಗಳನ್ನು ಆಧರಿಸಿ ಅಂದಾಜು ಮಾಡುತ್ತದೆ. ಆಗ ಚುಕ್ಕೆಯ ಸುತ್ತ ತಿಳಿನೀಲಿ ವೃತ್ತವೊಂದು ಹಿಗ್ಗುವುದನ್ನು ಓದುಗರು ಕಂಡಿರಬಹುದು. "ಇದರೊಳಗೆ ಎಲ್ಲೋ ಇದ್ದೇನೆ" ಎಂದು ಆ ಬಡ ಯಂತ್ರ ಪ್ರಾಮಾಣಿಕವಾಗಿಯೇ ಹೇಳುತ್ತದೆ! ಚುಕ್ಕೆಯನ್ನು ಕಳುಹಿಸಿದಾಗ ಸಾಮಾನ್ಯವಾಗಿ ವೃತ್ತ ಮಾತ್ರ ನಮ್ಮಲ್ಲೇ ಉಳಿಯುತ್ತದೆ. ಪಡೆದವನಿಗೆ ಕಾಣುವುದು ಸಂಶಯವೇ ಇಲ್ಲದ ಒಂದು ಗುರುತು.

ಆಸ್ಪತ್ರೆಯಿಂದ ಬಂದ ವಾರದಲ್ಲೇ ಮಗ ತಾರಸಿಗೆ ಹೋದ. ಮೊಬೈಲಿನಲ್ಲಿ ನಿಖರ ಸ್ಥಳಕ್ಕೆ ಅನುಮತಿ ಕೊಟ್ಟು, ಬ್ಯಾಟರಿ ಉಳಿತಾಯದ ಏರ್ಪಾಡನ್ನು ತೆಗೆದು, ಬಟ್ಟೆ ಒಣಗಿಸುವ ತಂತಿಯ ಕೆಳಗೆ ಒಂದೆರಡು ನಿಮಿಷ ಸುಮ್ಮನೆ ನಿಂತ. ವೃತ್ತ ಕುಗ್ಗಿ ಚುಕ್ಕೆಯೊಳಗೆ ಅಡಗಿತು. ನಮ್ಮ ಮನೆಯ ಮೇಲೆಯೇ ಬಿದ್ದ ಆ ಗುರುತನ್ನು ಮನೆಮಂದಿಯ ಮೊಬೈಲುಗಳಲ್ಲೆಲ್ಲ ಉಳಿಸಿದ್ದಾನೆ. ಅದರೊಡನೆ ಮನೆಯ ಸಂಖ್ಯೆಯನ್ನೂ ಅಡ್ಡರಸ್ತೆಯನ್ನೂ ಬರೆದು ಕಳುಹಿಸುವುದು ಈಗ ರೂಢಿ. ಗೇಟಿನ ದೀಪವನ್ನು ಬೆಳಗಿನವರೆಗೆ ಆರಿಸಬಾರದೆಂಬುದು ಮಾತ್ರ ತಾಯಿಯವರ ಕಟ್ಟಾಜ್ಞೆ.