ವಿಮಾನ ನಗರದ ನೆರೆಯಲ್ಲೊಬ್ಬ ಅಜ್ಜಿ

ಊರಿನಿಂದ ನೆಂಟರು ಬಂದರೆಂದರೆ ಪುಣೆಯವರಾದ ನಮಗೆ ಅವರಿಗೆ ತೋರಿಸುವ ಸ್ಥಳಗಳ ಯಾದಿ ಬಾಯಿಪಾಠವಾಗಿಬಿಟ್ಟಿದೆ. ಶನಿವಾರವಾಡೆ, ದಗಡೂಶೇಟ್ ಗಣಪತಿ, ಸಾರಸಬಾಗ, ಪರ್ವತಿ. ಉಳಿದ ಹೊತ್ತೆಲ್ಲ ಲಕ್ಷ್ಮೀ ರೋಡಿನ ಸೀರೆ ಅಂಗಡಿಗಳಿಗೆ; ಹೊರಡುವಾಗ ಕೈಯಲ್ಲೊಂದಿಷ್ಟು ಬಾಕರವಡಿ. ವಿಮಾನ ನಗರದಲ್ಲಿ ಮನೆ ಮಾಡಿರುವ ನಮ್ಮಂಥವರಿಗೆ ಇವೆಲ್ಲವೂ ದೂರವೇ. ನಮ್ಮ ಬಡಾವಣೆಯಲ್ಲಿ ತೋರಿಸಲು ಏನಿದೆ ಹೇಳಿ? ಲೋಹಗಾಂವ ವಿಮಾನ ನಿಲ್ದಾಣ ಪಕ್ಕದಲ್ಲಿರುವುದರಿಂದ ಬಂದ ಹೆಸರು, ತಲೆಯ ಮೇಲೆ ಹಾರುವ ವಿಮಾನಗಳ ಸದ್ದು, ಸಿಂಬಯೋಸಿಸ್‌ನಲ್ಲಿ ಓದುವ ಹುಡುಗ ಹುಡುಗಿಯರು, ಕಂಪ್ಯೂಟರ್ ಕಚೇರಿಗಳು, ಒಂದು ದೊಡ್ಡ ಮಾಲ್.

ಆದರೆ ನಗರ ರೋಡ್ ಹಿಡಿದು ಪೇಟೆಯ ಕಡೆಗೆ ಕೆಲವೇ ಕಿಲೋಮೀಟರು ಹೋದರೆ ಆಗಾ ಖಾನ್ ಅರಮನೆ ಸಿಗುತ್ತದೆ. ಅದರ ಆವರಣದಲ್ಲಿ ಕಸ್ತೂರಬಾ ಗಾಂಧಿಯವರ ಸಮಾಧಿ ಇದೆ. ಕನ್ನಡಿಗರಾದ ನಾವು ಈ ಹೆಸರನ್ನು ದಿನಕ್ಕೆ ಎಷ್ಟು ಸಲ ಹೇಳುತ್ತೇವೋ! ಬೆಂಗಳೂರಿನಲ್ಲಿ ಕಸ್ತೂರಬಾ ರಸ್ತೆ, ಅರಸೀಕೆರೆಯಲ್ಲಿ ಕಸ್ತೂರಬಾ ಗ್ರಾಮ. ಇನ್ನು 1953ರಲ್ಲಿ ಮಣಿಪಾಲದಲ್ಲಿ ಟಿ. ಎಂ. ಎ. ಪೈಯವರು ಕಟ್ಟಿದ ಮೆಡಿಕಲ್ ಕಾಲೇಜಿಗೆ ಮಕ್ಕಳನ್ನು ಸೇರಿಸಲು ಹಂಬಲಿಸದ ತಂದೆತಾಯಿಗಳುಂಟೆ? ‘ಕೆ. ಎಂ. ಸಿ.’ ಎಂದು ಮೊಟಕು ಮಾಡಿಬಿಟ್ಟಿದ್ದರಿಂದ ಅದರಲ್ಲಿರುವ ‘ಕೆ’ ಯಾರೆಂಬುದೇ ಮರೆತುಹೋಗಿದೆ.

2024ರಲ್ಲಿ ನಮ್ಮ ರಾಮವಾಡಿಯವರೆಗೆ ಮೆಟ್ರೋ ಬಂತು. ಅದು ಮೊದಲು ಈ ಅರಮನೆಯ ಮುಂದೆಯೇ ಹಾದುಹೋಗಬೇಕಿತ್ತು. ಅರಮನೆ ರಾಷ್ಟ್ರೀಯ ಸ್ಮಾರಕವಾದ್ದರಿಂದ ದಾರಿ ಬದಲಿಸಿ ಕಲ್ಯಾಣಿ ನಗರದ ಕಡೆಯಿಂದ ಬಳಸಿ ತಂದರು. ಹಿರಿಯರು ಮಲಗಿದಲ್ಲಿ ದಾಟಬಾರದೆಂದು ಸುತ್ತುಹಾಕಿ ಹೋದಂತೆ ನನಗೆ ತೋರುತ್ತದೆ!

ಅಂದಹಾಗೆ ನಮ್ಮ ಮಾಲಿನ ಹೆಸರು ಫೀನಿಕ್ಸ್. ಬಾ ಅವರ ಜೀವನದಲ್ಲೂ ಒಂದು ಫೀನಿಕ್ಸ್ ಇದೆ. 1904ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಬಳಿ ಗಾಂಧೀಜಿ ಕಟ್ಟಿದ ಆಶ್ರಮವದು. 1913ರಲ್ಲಿ ಅಲ್ಲಿನ ನ್ಯಾಯಾಲಯವೊಂದರ ತೀರ್ಪಿನಿಂದಾಗಿ ಕ್ರೈಸ್ತ ವಿಧಿಯಲ್ಲದ ಮದುವೆಗಳಿಗೆ ಕಾನೂನಿನ ಮಾನ್ಯತೆ ತಪ್ಪಿತು. ನಾಲ್ಕು ಮಕ್ಕಳ ತಾಯಿಯಾದ ಬಾ ಅವರ ಮದುವೆ ಮದುವೆಯೇ ಅಲ್ಲವೆಂದರೆ ಹೇಗಾಗಿರಬೇಡ! ಫೀನಿಕ್ಸಿನಿಂದ ಸತ್ಯಾಗ್ರಹಕ್ಕೆ ಹೊರಟ ಮೊದಲ ಹದಿನಾರು ಜನರಲ್ಲಿ ಅವರೂ ಒಬ್ಬರು. ಮೂರು ತಿಂಗಳ ಕಠಿಣ ಸಜೆಯಾಯಿತು. ಗಂಡನ ಹಿಂದೆ ಸುಮ್ಮನೆ ನಡೆದುಹೋದ ಸಾಧ್ವಿ ಎಂದಷ್ಟೇ ಅವರನ್ನು ಹೊಗಳುವವರಿಗೆ ಇದನ್ನು ನೆನಪಿಸಬೇಕು.

ಪುಣೆಯ ಅರಮನೆಗೆ ಅವರು ಬಂದದ್ದು 1942ರ ಆಗಸ್ಟಿನಲ್ಲಿ. 9ರ ಬೆಳಿಗ್ಗೆ ಗಾಂಧೀಜಿಯವರ ಬಂಧನವಾದಾಗ, ಆ ಸಂಜೆ ಶಿವಾಜಿ ಪಾರ್ಕಿನಲ್ಲಿ ಅವರು ಮಾತನಾಡಬೇಕಿದ್ದ ಸಭೆಗೆ ತಾನು ಹೋಗುತ್ತೇನೆಂದು ಬಾ ಹೊರಟರು. ಅವರನ್ನೂ ಹಿಡಿದರು. ಆಗ ಎಪ್ಪತ್ತಮೂರು ವಯಸ್ಸು.

ಅರಮನೆ ಏನೋ ಚೆಂದವಿದೆ. 1892ರಲ್ಲಿ ಮೂರನೆಯ ಆಗಾ ಖಾನರು ಬರದಿಂದ ಕಂಗೆಟ್ಟ ಜನಕ್ಕೆ ಕೂಲಿ ಸಿಗಲೆಂದು ಕಟ್ಟಿಸಿದ್ದು; ಸಾಲುಸಾಲು ಕಮಾನುಗಳು, ಅಗಲವಾದ ಪಡಸಾಲೆ, ಸುತ್ತಲೂ ತೋಟ. ನಮ್ಮ ಅತ್ತೆಯವರು ಧಾರವಾಡದಿಂದ ಬಂದಾಗ ಕರೆದೊಯ್ದಿದ್ದೆ. ಅವರು ಮೆಟ್ಟಿಲ ಮೇಲೆ ಕುಳಿತು, “ಇಂಥಾ ಅರಮನ್ಯಾಗ ಇಟ್ರ ಅದೇನ ಜೈಲ ಆಗತದವಾ?” ಎಂದರು. ಮುಳ್ಳುತಂತಿಯ ಬೇಲಿ ಇತ್ತು, ಪಹರೆ ಇತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಕ್ಕಳು ಮೊಮ್ಮಕ್ಕಳು ಬಂದು ಹೋಗೂ ಹಂಗ ಇತ್ತೇನು?” ಎಂದು ಕೇಳಿದರು. ನಿಜವಾದ ಪ್ರಶ್ನೆ ಅದೇ ಆಗಿತ್ತು.

ಬಂದ ಕೆಲವೇ ದಿನಗಳಲ್ಲಿ, ಆಗಸ್ಟ್ 15ರಂದು, ಮಗನಂತಿದ್ದ ಮಹಾದೇವ ದೇಸಾಯಿಯವರು ಹೃದಯಾಘಾತದಿಂದ ತೀರಿಕೊಂಡರು. ಆವರಣದಲ್ಲೇ ದಹನವಾಯಿತು. ಬಾ ಅವರಿಗೆ ಆ ಸಮಾಧಿ ಮಹಾದೇವನ ಗುಡಿಯೇ ಆಗಿಬಿಟ್ಟಿತು. ಉಳಿದಂತೆ ತುಳಸಿಗೆ ನೀರು, ನೂಲುವುದು, ಸಂಜೆ ಕೇರಂ ಆಟ. ಕೇರಂ ಎಂದರೆ ಅವರಿಗೆ ಬಹಳ ಇಷ್ಟವಿತ್ತಂತೆ! 1943ರಲ್ಲಿ ಶುಶ್ರೂಷೆಗೆಂದು ಮನು ಎಂಬ ತಾಯಿಯಿಲ್ಲದ ಹುಡುಗಿಯನ್ನು ನಾಗಪುರದ ಜೈಲಿನಿಂದ ಇಲ್ಲಿಗೆ ಕರೆತಂದರು. ಗಾಂಧೀಜಿಯವರ ಅಣ್ಣತಮ್ಮಂದಿರ ಕಡೆಯ ಮೊಮ್ಮಗಳು. ಸೇವೆ ಮಾಡಲು ಬಂದವಳಿಗೆ ಕಾಯಿಲೆಯ ಬಾ ಅವರೇ ತಾಯಿಯಾದರು.

ತಾಯಿಲ್ಲದ ಮಕ್ಕಳನ್ನು ಸಾಕುವುದು ಅವರಿಗೆ ಹೊಸದಲ್ಲ. ಹಿರಿಯ ಮಗ ಹರಿಲಾಲರ ಹೆಂಡತಿ 1918ರ ಇನ್‌ಫ್ಲುಯೆಂಜಾದಲ್ಲಿ ಹೋದಾಗ ಆ ಮಕ್ಕಳು ಅಜ್ಜಿಯ ಮಡಿಲಿಗೇ ಬಂದವು. ಅವರಲ್ಲೊಬ್ಬರಾದ ಕಾಂತಿಲಾಲ್ ಮುಂದೆ ನಮ್ಮ ಮೈಸೂರಿನಲ್ಲಿ ವೈದ್ಯಕೀಯ ಓದಿದರು. ಹರಿಲಾಲರು ಮಾತ್ರ ತಂದೆಯಿಂದ ದೂರವಾಗಿ ಕುಡಿತಕ್ಕೆ ಬಿದ್ದರು. ಕಟ್ನಿ ಸ್ಟೇಷನ್ನಿನಲ್ಲಿ ರೈಲಿನ ಕಿಟಕಿಗೆ ಬಂದು, ಇದು ತಾಯಿಗೆ ಮಾತ್ರ ಎಂದು ಒಂದು ಕಿತ್ತಳೆ ಹಣ್ಣು ಕೊಟ್ಟ ಕಥೆಯನ್ನು ನೀವೂ ಓದಿರಬಹುದು. ಕೊನೆಯ ದಿನಗಳಲ್ಲಿ ಬಾ ಈ ಮಗನಿಗಾಗಿಯೇ ಹಂಬಲಿಸಿದರು. ಬಂದರು, ಆದರೆ ಕಡೆಯ ಸಲ ಬಂದದ್ದು ಕುಡಿದ ಸ್ಥಿತಿಯಲ್ಲಿ. ಬಾ ಹಣೆ ಹಣೆ ಚಚ್ಚಿಕೊಂಡರು. ಎರಡನೆಯ ಮಗ ಮಣಿಲಾಲರು ಅಲ್ಲಿ, ದೂರದ ಫೀನಿಕ್ಸಿನಲ್ಲೇ ಉಳಿದಿದ್ದರು.

ಅವರಿಗೆ ಆಯುರ್ವೇದದ ಔಷಧಿ ಬೇಕಿತ್ತು. ಸರ್ಕಾರ ಒಪ್ಪುವುದಕ್ಕೇ ದಿನಗಳು ಹೋದವು. ಲಾಹೋರಿನ ವೈದ್ಯ ಶಿವ ಶರ್ಮರು ಬಂದರೂ ರಾತ್ರಿ ಒಳಗಿರಲು ಅನುಮತಿಯಿಲ್ಲ. ಪಾಪ, ಗೇಟಿನ ಹೊರಗೆ ಕಾರಿನಲ್ಲೇ ಮಲಗಿದರು. ಕಿರಿಯ ಮಗ ದೇವದಾಸರು ಆಗ ಬಲು ಅಪರೂಪವಾಗಿದ್ದ ಪೆನಿಸಿಲಿನ್ ತರಿಸಿದರು. ಈ ಸ್ಥಿತಿಯಲ್ಲಿ ಸೂಜಿ ಚುಚ್ಚಿ ಹಿಂಸೆ ಬೇಡವೆಂದರು ಗಾಂಧೀಜಿ. ಓದುವಾಗ ನನ್ನ ಮನಸ್ಸು ಮಗನ ಕಡೆಗೇ ವಾಲುತ್ತದೆ, ಏನು ಮಾಡಲಿ!

1944ರ ಫೆಬ್ರವರಿ 22, ಮಹಾಶಿವರಾತ್ರಿಯ ಸಂಜೆ, ಗಂಡನ ತೊಡೆಯ ಮೇಲೆ ತಲೆಯಿಟ್ಟು ಬಾ ಹೋದರು. ಸಾರ್ವಜನಿಕ ಅಂತ್ಯಕ್ರಿಯೆಗೆ ಸರ್ಕಾರ ಒಪ್ಪದ್ದರಿಂದ ಮರುದಿನ ಅರಮನೆಯ ಆವರಣದಲ್ಲೇ, ಮಹಾದೇವರ ಪಕ್ಕದಲ್ಲಿ ಚಿತೆ. ಉಡಿಸಿದ್ದು ಗಾಂಧೀಜಿ ನೂತ ನೂಲಿನ ಸೀರೆ. ಅಸ್ಥಿ ಆರಿಸುವಾಗ ಬೂದಿಯಲ್ಲಿ ಅವರ ಐದು ಗಾಜಿನ ಬಳೆಗಳು ಒಡೆಯದೆ ಸಿಕ್ಕವೆಂದು ಜೊತೆಗಿದ್ದವರು ಹೇಳಿದ್ದಾರೆ.

1969ರಲ್ಲಿ ನಾಲ್ಕನೆಯ ಆಗಾ ಖಾನರು ಅರಮನೆಯನ್ನು ದೇಶಕ್ಕೆ ದಾನವಾಗಿ ಕೊಟ್ಟರು. ಸಮಾಧಿ ಸ್ಥಳವನ್ನು ರೂಪಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಆಡಂಬರವಿಲ್ಲ, ಅದೇ ಚೆಂದ. ಅಲ್ಲಿ ನಿಂತು ಬಳೆಯ ವಿಷಯ ಹೇಳಿದಾಗ ಅತ್ತೆ ಚಪ್ಪಲಿ ಬಿಟ್ಟು ಮುಂದೆ ಹೋದರು. ಮನೆಯಿಂದ ಅರಿಶಿನ ಕುಂಕುಮ ತರಬೇಕಾಗಿತ್ತು, ಮೊದಲೇ ಯಾಕ ಹೇಳಲಿಲ್ಲ ಎಂದು ರಿಕ್ಷಾದಲ್ಲಿ ವಿಮಾನ ನಗರ ಮುಟ್ಟುವವರೆಗೂ ನನ್ನನ್ನು ಬೈದರು.