ಹದಿನಾರನೇ ದಿನದ ಗುಳಿಗೆ

14 ಸೆಪ್ಟೆಂಬರ್ 2025, ಭಾನುವಾರ, ಅಘನಾಶಿನಿ

ಅಣ್ಣನ ಗುಳಿಗೆ ಡಬ್ಬಿ ಬಿಚ್ಚಿ ನೋಡಿದೆ. ಟಿಕಾಗ್ರೆಲರ್ ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದನೇ ತಾರೀಕಿಗೆ ತಂದದ್ದು ಇಷ್ಟೊತ್ತಿಗೆ ಹೆಚ್ಚುಕಡಿಮೆ ಅರ್ಧ ಖಾಲಿಯಾಗಬೇಕಿತ್ತು. ಮುಕ್ಕಾಲು ಪಾಲು ಹಾಗೇ ಇದೆ. ಕೇಳಿದರೆ ಅತ್ತಿಗೆ ಒಲೆಯ ಕಡೆ ಮುಖ ತಿರುಗಿಸಿದರು. ಕೊನೆಗೆ ಅಣ್ಣನೇ ಬಾಯಿಬಿಟ್ಟ: "ರಾತ್ರಿ ಒಂದು ತಗೊಳ್ತೆ. ಎದೆನೋವು ಇಲ್ಲ, ಮತ್ತೆಂತಕ್ಕೆ?"

ಅದು ನೋವಿನ ಗುಳಿಗೆಯಲ್ಲ, ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಟ್ಟದ್ದು. ಒಂದು ವರ್ಷ ತಪ್ಪಿಸಲೇಬಾರದು ಎಂದು ಡಾಕ್ಟರು ಹೇಳಿದ್ದನ್ನು ಅವನೂ ಕೇಳಿಸಿಕೊಂಡಿದ್ದಾನೆ. ಆದರೆ ಎಲ್ಲ ಸೇರಿ ತಿಂಗಳಿಗೆ 2,300 ರೂಪಾಯಿ. ಜೂನ್‌ನಿಂದ ದೋಣಿ ದಡದ ಮೇಲೇ ಇದೆ. ಹೊಳೆಯಲ್ಲಿ ಬೆಳಚು ಚಿಪ್ಪಿ ತೆಗೆಯುವ ಮಾತಂತೂ ಈ ವರ್ಷಕ್ಕಿಲ್ಲ.

ಆಂಜಿಯೋಪ್ಲಾಸ್ಟಿಗೆ ನಮಗೆ ಬಿದ್ದದ್ದು ಕಾರಿನ ಬಾಡಿಗೆ ಮತ್ತು ಊಟದ ಖರ್ಚು ಮಾತ್ರ. ಬಿಪಿಎಲ್ ಕಾರ್ಡಿತ್ತು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಎಲ್ಲ ಆಯಿತು. ಮನೆಗೆ ಬಂದ ಮೇಲೆ 15 ದಿನದ ಔಷಧಿಯೂ ಅದರಲ್ಲೇ. ಹದಿನಾರನೇ ದಿನದಿಂದ ನಮ್ಮ ಕಿಸೆ.

20 ಸೆಪ್ಟೆಂಬರ್, ಶನಿವಾರ

ನಮ್ಮ ಸಹಕಾರ ಸಂಘದ ವಾರ್ಷಿಕ ಮಹಾಸಭೆ. ಜಮಾಖರ್ಚು ಓದುವಾಗ ತೂಕಡಿಸುತ್ತಿದ್ದವರೆಲ್ಲ ಡಿವಿಡೆಂಡ್ ಎಂದಕೂಡಲೇ ನೆಟ್ಟಗೆ ಕೂತರು. ಯಶಸ್ವಿನಿ ಆರೋಗ್ಯ ಯೋಜನೆಯ ವಿಷಯ ಬಂದಾಗ ಕಾಗಾಲಿನ ಒಬ್ಬ ಅಜ್ಜ ಎದ್ದು ನಿಂತರು. "500 ರೂಪಾಯಿ ಕಟ್ಟಿದ್ದೆ. ಸಕ್ಕರೆ ಗುಳಿಗೆಗೆ ಈ ಕಾರ್ಡು ಮೆಡಿಕಲ್ ಶಾಪಿನಲ್ಲಿ ನಡೀತದಾ?" ಸಭೆ ನಕ್ಕಿತು. ಆ ಹಣಕ್ಕೆ ರಸೀದಿ ಹರಿದವಳು ನಾನು. ನನಗೆ ನಗು ಬರಲಿಲ್ಲ. ಇಡೀ ಸಭೆಯಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಅದೊಂದೇ.

ನಡೆಯುವುದಿಲ್ಲ ಅಜ್ಜಾ, ಆಸ್ಪತ್ರೆ ಸೇರಿದರೆ ಮಾತ್ರ, ಎಂದೆ. ಯಶಸ್ವಿನಿ 2003ರಲ್ಲಿ ಹುಟ್ಟಿದ್ದೇ ರೈತರ ಶಸ್ತ್ರಚಿಕಿತ್ಸೆಗೆಂದು. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾದಾಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಎಂದಾಯಿತು. ಒಳ್ಳೆಯದೇ. ಆದರೆ ನಮ್ಮ ವಿಮೆಗಳ ಕಣ್ಣಿಗೆ ಮನುಷ್ಯ ಬೀಳಬೇಕಾದರೆ ಅವನು ಮೊದಲು ಹಾಸಿಗೆ ಹಿಡಿಯಬೇಕು.

22 ಸೆಪ್ಟೆಂಬರ್, ಸೋಮವಾರ

ಇವತ್ತಿನಿಂದ ಔಷಧಿಗೆ ಜಿಎಸ್‌ಟಿ ಶೇ. 12 ಇದ್ದದ್ದು ಶೇ. 5. ಕುಮಟಾದ ಮೆಡಿಕಲ್ ಶಾಪಿನಲ್ಲಿ ಎಲ್ಲರೂ ಬಿಲ್ಲನ್ನು ಬೆಳಕಿಗೆ ಹಿಡಿದು ಓದುವವರೇ. ಅಣ್ಣನ ಔಷಧಿಗೆ ತಿಂಗಳಿಗೆ ನೂರನಲವತ್ತು ರೂಪಾಯಿ ಚಿಲ್ಲರೆ ಇಳಿಯಬಹುದು.

ನನ್ನ ಮುಂದೆ ನಿಂತಿದ್ದ ಹೆಂಗಸು "ಐದೇ ಕೊಡಿ" ಎಂದಳು. ಹುಡುಗ ಹತ್ತರ ಪಟ್ಟಿಯನ್ನು ಕತ್ತರಿಯಿಂದ ಅಡ್ಡ ಕತ್ತರಿಸಿದ. ಹೆಸರು, ಅವಧಿ ಮುಗಿಯುವ ತಾರೀಕು ಇದ್ದ ತುಂಡು ಅಂಗಡಿಯಲ್ಲೇ ಉಳಿಯಿತು. ಅವಳಿಗೆ ಸಿಕ್ಕಿದ್ದು ಹೆಸರಿಲ್ಲದ ಐದು ಗುಳಿಗೆ. ಅಂಗಡಿಯವರು ಹೇಳಿದರು, ತಿಂಗಳ ಕೊನೆಗೆ ಕತ್ತರಿಗೆ ಬಿಡುವಿಲ್ಲವಂತೆ.

ಅವರೇ ಹೇಳಿದ ಇನ್ನೊಂದು ಮಾತು: ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್ ಒಂದು ಗುಳಿಗೆಗೆ 60 ರೂಪಾಯಿ ಆಸುಪಾಸು ಇತ್ತು. ಈ ಮಾರ್ಚಿನಲ್ಲಿ ಪೇಟೆಂಟ್ ಮುಗಿದದ್ದೇ ತಡ, ನಮ್ಮ ಕಂಪನಿಗಳೆಲ್ಲ ಮುಗಿಬಿದ್ದು ಬೆಲೆ ಹತ್ತಿಪ್ಪತ್ತರೊಳಗೆ ಬಂತು. ಜಿಎಸ್‌ಟಿ ಇಳಿಸಿದ್ದಕ್ಕೆ ಇಷ್ಟು ಸದ್ದು. ಆ ಗುಳಿಗೆಯ ಬೆಲೆ ಇಳಿದದ್ದು ಮಾತ್ರ ಇಲ್ಲಿ ಯಾರಿಗೂ ಸುದ್ದಿಯಾಗಲಿಲ್ಲ.

28 ಸೆಪ್ಟೆಂಬರ್, ಭಾನುವಾರ

ನ್ಯೂಜೆರ್ಸಿಯಿಂದ ದೊಡ್ಡಪ್ಪನ ಮಗಳ ಫೋನು. ಅವಳ ಅತ್ತೆಗೆ ಅಲ್ಲಿ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಇದೆ. ಈ ಜನವರಿಯಿಂದ ವಿಮೆಯ ಪಟ್ಟಿಯಲ್ಲಿರುವ ಔಷಧಿಗೆ ರೋಗಿ ವರ್ಷಕ್ಕೆ 2,000 ಡಾಲರ್ ಕೊಟ್ಟರೆ ಮುಗಿಯಿತು, ಮೇಲಿನದ್ದು ಅವರ ಮೇಲಿಲ್ಲ. ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ದಾಟುವಂತಿಲ್ಲ. 2022ರ ಕಾನೂನಂತೆ. ಅಲ್ಲಿನ ಔಷಧಿ ಬೆಲೆ ಕೇಳಿದರೆ ಅಷ್ಟಾದರೂ ಬೇಕೇಬೇಕು ಬಿಡಿ.

ನಮ್ಮಲ್ಲೂ ಮಿತಿಗಳಿಗೆ ಬರವಿಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶ ಅಗತ್ಯ ಔಷಧಿಗಳಿಗೆ ಗರಿಷ್ಠ ಬೆಲೆ ಕಟ್ಟುತ್ತದೆ. 2017ರ ಫೆಬ್ರವರಿಯಲ್ಲಿ ಸ್ಟೆಂಟಿಗೂ ಕಟ್ಟಿದರು. ಔಷಧಿ ಲೇಪಿಸಿದ್ದಕ್ಕೆ ಆಗ 29,600 ರೂಪಾಯಿ. ವಿಮೆ ಕೊಡುವುದಕ್ಕೂ ಮಿತಿಯಿದೆ. ನಾಲ್ಕು ಬಗೆ ಗುಳಿಗೆ ನುಂಗುವವನು ವರ್ಷಕ್ಕೆ ಇಷ್ಟರ ಮೇಲೆ ಕೈಯಿಂದ ಹಾಕಬಾರದು ಎನ್ನುವ ಮಿತಿ ಮಾತ್ರ ನಮ್ಮ ಯಾವ ಕಾರ್ಡಿನಲ್ಲೂ ಇಲ್ಲ.

ಡಾಲರ್ ಲೆಕ್ಕ ನಮಗೆ ಬೇಡ. ತಮಿಳುನಾಡು 1995ರಿಂದ ನಿಗಮದ ಮೂಲಕ ಜೆನೆರಿಕ್ ಔಷಧಿಯನ್ನು ಸಗಟಾಗಿ ಕೊಂಡು ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡುತ್ತಿದೆ. ನಮ್ಮ ಸರ್ಕಾರವೂ ಹೋದ ಅಕ್ಟೋಬರಿನಲ್ಲಿ ಕೋಲಾರದಿಂದ ಗೃಹ ಆರೋಗ್ಯ ಶುರುಮಾಡಿತು. ಬಿಪಿ, ಸಕ್ಕರೆಯ ಗುಳಿಗೆ ಮನೆಗೇ. ಆ ಚೀಲದಲ್ಲಿ ಸ್ಟೆಂಟಿನವರ ಗುಳಿಗೆಗೂ ಜಾಗ ಮಾಡಿದರೆ ಅಣ್ಣನಂಥವರಿಗೆ ಬೇರೆ ಕಾನೂನೇ ಬೇಕಾಗಲಿಕ್ಕಿಲ್ಲ.

4 ಅಕ್ಟೋಬರ್, ಶನಿವಾರ

ಅಣ್ಣನನ್ನು ಬೆಳಗಿನ ರೈಲಿಗೆ ಹತ್ತಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಒಂದು ಹೊತ್ತು ಬಿಡುತ್ತಿದ್ದಾನೆ ಎಂದದ್ದಕ್ಕೆ ಅವರಿಗೆ ನಿಜವಾಗಿ ಸಿಟ್ಟು ಬಂತು. ದುಡ್ಡಿನ ಕಾರಣಕ್ಕೆ ಎಂದಾಗ ಇಳಿಯಿತು. ಇಸಿಜಿ ನೋಡಿ, ಟಿಕಾಗ್ರೆಲರ್ ನಿಲ್ಲಿಸಿ ಕ್ಲೋಪಿಡೊಗ್ರೆಲ್ ಬರೆದರು. ಉಳಿದದ್ದನ್ನೂ ಬ್ರಾಂಡ್ ಬಿಟ್ಟು ಔಷಧಿಯ ಮೂಲ ಹೆಸರಿನಲ್ಲಿ ಬರೆದುಕೊಟ್ಟರು, ಜನೌಷಧಿ ಕೇಂದ್ರದಲ್ಲಿ ತರಬಹುದು ಎಂದರು. ವೈದ್ಯರೆಲ್ಲ ಹಾಗೇ ಬರೆಯಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ನಿಯಮ ತಂದು ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ ಕೇಳಿದವರಿಗೆ ಮಾತ್ರ ಈ ಭಾಗ್ಯ.

ತಿಂಗಳ ಬಿಲ್ಲು 600ಕ್ಕೆ ಇಳಿಯಿತು. ಕ್ಲೋಪಿಡೊಗ್ರೆಲ್ ದಿನಕ್ಕೆ ಒಂದೇ ಗುಳಿಗೆ. ವಾಪಸು ಬರುವಾಗ ಹೊನ್ನಾವರ ದಾಟುವವರೆಗೂ ಅಣ್ಣನದು ಒಂದೇ ಮಾತು: "ಒಂದೇ ಸಾಕು ಅಂತ ನಾ ಮೊದಲೇ ಹೇಳಿದ್ನಾ ಇಲ್ವಾ?"