ಹದಿನೈದು ಸಾವಿರದ ‘ನೋಡೋಣ’

ನಮ್ಮ ಮನೆಯ ಬೀರುವಿನಲ್ಲಿ ಮೂರು ಪಾಸ್‌ಪೋರ್ಟ್‌ಗಳಿವೆ. ಮೂರರ ರಟ್ಟೂ ಕಡುನೀಲಿ. ಇವರದ್ದು ಮತ್ತು ಮಗಳದ್ದರ ಮೇಲೆ ಅಮೆರಿಕದ ಹದ್ದು, ನನ್ನದರ ಮೇಲೆ ನಮ್ಮ ಸಿಂಹಗಳು. ತುಸು ದೂರದಿಂದ ನೋಡಿದರೆ ಮೂರೂ ಒಂದೇ ಅಂಗಡಿಯಲ್ಲಿ ಕೊಂಡ ನೋಟ್‌ಬುಕ್ಕಿನ ಹಾಗೆ ಕಾಣುತ್ತವೆ. ಅವು ಒಂದೇ ಅಲ್ಲ ಎಂಬುದು ಒಂಬತ್ತು ವರ್ಷದ ಮಗಳಿಗೆ ಗೊತ್ತಾದದ್ದು 2024ರ ಫೆಬ್ರವರಿಯಲ್ಲಿ, ನನಗೆ ಪ್ರವಾಸಿ ವೀಸಾ ಸಿಗದೆ ಹೋದಾಗ.

ಇವರು ಅಮೆರಿಕದವರು. ಓಹಾಯೋ ರಾಜ್ಯದ ಒಂದು ಸಣ್ಣ ಊರು. ಕನ್ನಡ ಕಲಿಯಲೆಂದು ಮೈಸೂರಿಗೆ ಬಂದವರು ಇಲ್ಲೇ ಉಳಿದರು. ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವುದು ಅವರ ಕೆಲಸ. ನಮ್ಮ ಮದುವೆ 2012ರಲ್ಲಿ, ವಿಶೇಷ ವಿವಾಹ ಕಾಯ್ದೆಯಡಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಆ ಕಾಯ್ದೆಯ ಪ್ರಕಾರ ಮದುವೆಗೆ ಮೊದಲು ಮೂವತ್ತು ದಿನ ನೋಟಿಸನ್ನು ಕಚೇರಿಯಲ್ಲಿ ಅಂಟಿಸಿರುತ್ತಾರೆ, ಯಾರದ್ದಾದರೂ ಆಕ್ಷೇಪಣೆ ಇದ್ದರೆ ಹೇಳಲಿ ಎಂದು. ಯಾರೂ ಹೇಳಲಿಲ್ಲ. ನಮ್ಮ ದೊಡ್ಡಮ್ಮ ಮಾತ್ರ, “ಎಲ್ಲಾ ಸರಿ ಕಣೆ, ಮುದ್ದೆ ನುಂಗ್ತಾರಾ ಕೇಳಿದ್ಯಾ?” ಎಂದಿದ್ದರು. ನುಂಗುತ್ತಾರೆ, ಅಗಿಯದೆ.

ಅತ್ತೆ ಎರಡು ಸಲ ಮೈಸೂರಿಗೆ ಬಂದಿದ್ದಾರೆ. ಮದುವೆಗೊಮ್ಮೆ, ಮಗಳು ಹುಟ್ಟಿದಾಗೊಮ್ಮೆ. ಅವರು ಕಲಿತ ಕನ್ನಡ ಒಂದೇ ವಾಕ್ಯ: “ಊಟ ಆಯ್ತಾ?” ಪ್ರತಿ ಭಾನುವಾರದ ವಿಡಿಯೋ ಕರೆಯಲ್ಲಿ ಅದೇ ಮೊದಲ ಮಾತು. ನಮಗೆ ಸಂಜೆ ಆರೂವರೆ, ಅವರಿಗೆ ಬೆಳಿಗ್ಗೆ ಒಂಬತ್ತು. ಎರಡೂ ಕಡೆ ಊಟದ ಹೊತ್ತಲ್ಲ. (ಮಕ್ಕಳಿಗೊಂದು ವಿಷಯ: ಅಲ್ಲಿ ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಟ್ಟು, ಮಾರ್ಚಿನಲ್ಲಿ ಮತ್ತೆ ಮುಂದಕ್ಕಿಡುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ನಮ್ಮ ಕರೆ ಏಳೂವರೆಗೆ. ಇದನ್ನು ನೆನಪಿಡುವ ಹೊಣೆ ನಮ್ಮ ಮನೆಯಲ್ಲಿ ಮಗಳದ್ದು.)

2023ರಲ್ಲಿ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಕೋಲು ಹಿಡಿದು ಓಡಾಡುವಂತಾದರು. ಆದರೆ ಅಷ್ಟು ದೂರದ ವಿಮಾನ ಪ್ರಯಾಣ ಇನ್ನು ಬೇಡ ಎಂದರು ಡಾಕ್ಟರು. ಮರುವರ್ಷದ ಮೇ ತಿಂಗಳಿಗೆ ಅವರಿಗೆ ಎಂಬತ್ತು ತುಂಬುತ್ತಿತ್ತು. “ಈ ಸಲ ನೀವೇ ಬನ್ನಿ. ನಮ್ಮ ಮನೆಯ ಮೆಟ್ಟಿಲನ್ನು ನೀನು ಇನ್ನೂ ಹತ್ತಿಲ್ಲ” ಎಂದರು ನನಗೆ. ನಿಜವೇ. ಮದುವೆಯಾಗಿ ಹನ್ನೆರಡು ವರ್ಷವಾಗುತ್ತ ಬಂದರೂ ಸೊಸೆ ಅತ್ತೆಯ ಮನೆ ಕಂಡಿರಲಿಲ್ಲ.

ಇವರಿಗೆ ವೀಸಾ ಬೇಡ. ಅಪ್ಪ ಅಮೆರಿಕದ ಪ್ರಜೆಯಾದ್ದರಿಂದ ಮಗಳಿಗೂ ಹುಟ್ಟಿನಿಂದಲೇ ಅಲ್ಲಿನ ಪೌರತ್ವ. ಬೇಕಾದದ್ದು ನನಗೊಬ್ಬಳಿಗೆ. “ಗಂಡನೇ ಅಮೆರಿಕದವನಂತೆ, ನಿಂಗೇನಮ್ಮ, ಕಣ್ಮುಚ್ಚಿ ಕೊಡ್ತಾರೆ” ಎಂದರು ಶಾಲೆಯ ಸ್ಟಾಫ್ ರೂಮಿನಲ್ಲಿ. ನಾನೂ ಹಾಗೇ ಅಂದುಕೊಂಡೆ. ಶುಲ್ಕ 185 ಡಾಲರ್, ಎಂದರೆ ಹದಿನೈದು ಸಾವಿರ ರೂಪಾಯಿಗೂ ಮೇಲೆ; ವೀಸಾ ಸಿಗದಿದ್ದರೆ ಹಣ ವಾಪಸ್ಸಿಲ್ಲ. ಉದ್ದನೆಯ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿ, ಸಂದರ್ಶನದ ದಿನಕ್ಕಾಗಿ ತಿಂಗಳುಗಟ್ಟಲೆ ಕಾದು, ಮಧ್ಯಾಹ್ನದ ಶತಾಬ್ದಿ ಹತ್ತಿ ಚೆನ್ನೈಗೆ ಹೋದೆವು. ಮೊದಲು ಒಂದು ಕಡೆ ಬೆರಳಚ್ಚು ಮತ್ತು ಫೋಟೋ, ಮರುದಿನ ಇನ್ನೊಂದು ಕಡೆ ಸಂದರ್ಶನ. ಒಳಗೆ ಮೊಬೈಲ್ ಒಯ್ಯುವಂತಿಲ್ಲ. ಇವರೂ ಮಗಳೂ ರಸ್ತೆಯಾಚೆ ನಿಂತರು. ಮದುವೆಯ ಸರ್ಟಿಫಿಕೇಟು, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು, ಅತ್ತೆಯ ಪತ್ರ ಎಲ್ಲ ಜೋಡಿಸಿದ ದಪ್ಪ ಫೈಲು ಹಿಡಿದು ನಾನು ಒಳಹೊಕ್ಕೆ.

ಸಂದರ್ಶನ ಎರಡು ನಿಮಿಷವೂ ಇರಲಿಲ್ಲ. ಕಿಟಕಿಯಾಚೆ ಇದ್ದ ಹೆಣ್ಣುಮಗಳು ನಗುತ್ತಲೇ ಮಾತಾಡಿಸಿದರು. ಏಕೆ ಹೋಗುತ್ತೀರಿ, ಗಂಡ ಏನು ಮಾಡುತ್ತಾರೆ, ಭಾರತದಲ್ಲಿ ಯಾವ ಆಧಾರದ ಮೇಲೆ ಇದ್ದಾರೆ? ಎಂಟ್ರಿ ವೀಸಾ, ಆಗಾಗ ಮುಂದುವರಿಸಿಕೊಳ್ಳುತ್ತಾರೆ ಎಂದೆ. ಕೊನೆಗೆ ಕೇಳಿದರು: “ಮುಂದೆ ಅಮೆರಿಕದಲ್ಲೇ ನೆಲೆಸುವ ಯೋಚನೆ ಇದೆಯೇ?”

“ಈಗೇನೂ ಇಲ್ಲ. ಮುಂದೆ ನೋಡೋಣ” ಎಂದೆ. ಇಂಗ್ಲಿಷಿನಲ್ಲೇ ಹೇಳಿದ್ದು, ಆದರೆ ಅದು ಅಪ್ಪಟ ನಮ್ಮ ‘ನೋಡೋಣ’.

ಯೋಚಿಸಿ, ನಾವು ಈ ಮಾತನ್ನು ಎಷ್ಟು ಕಡೆ ಬಳಸುತ್ತೇವೆ. ಮದುವೆಗೆ ಕರೆದವರಿಗೆ ಬರುವುದಿಲ್ಲ ಎನ್ನಲು ಸಂಕೋಚ, ‘ನೋಡೋಣ’. ಮಗು ಸೈಕಲ್ ಕೇಳಿದರೆ ‘ನೋಡೋಣ’. ಅದರಲ್ಲಿ ಮುಕ್ಕಾಲು ಪಾಲು ‘ಇಲ್ಲ’ವೇ ಇರುತ್ತದೆ, ಮುಖಕ್ಕೆ ಹೊಡೆದಂತಾಗದಿರಲಿ ಎಂದು ಮೆತ್ತಗೆ ಮಾಡಿದ್ದು, ಅಷ್ಟೆ. ಕಿಟಕಿಯಾಚೆ ಅದು ‘ಇರಬಹುದು’ ಎಂದು ಕೇಳಿಸಿತು. ಪಾಸ್‌ಪೋರ್ಟನ್ನು ಒಂದು ಹಾಳೆಯ ಜೊತೆ ನನ್ನ ಕೈಗೇ ಕೊಟ್ಟರು. ಆ ಕಿಟಕಿಯ ಲೆಕ್ಕ ನಮ್ಮ ಲೆಕ್ಕಕ್ಕೆ ತದ್ವಿರುದ್ಧ: ಪಾಸ್‌ಪೋರ್ಟ್ ಇಟ್ಟುಕೊಂಡರೆ ವೀಸಾ ಆಯಿತು, ಕೈಗೆ ವಾಪಸ್ ಬಂದರೆ ಇಲ್ಲ. ಫೈಲನ್ನು ಯಾರೂ ತೆರೆಯಲೂ ಇಲ್ಲ.

ಹಾಳೆಯಲ್ಲಿದ್ದದ್ದು ಅಮೆರಿಕದ 1952ರ ವಲಸೆ ಕಾನೂನಿನ ಒಂದು ಕಲಮು, 214(ಬಿ). ಪ್ರವಾಸಕ್ಕೆಂದು ವೀಸಾ ಕೇಳುವವರೆಲ್ಲ ಅಲ್ಲೇ ನೆಲೆಸಲು ಬರುವವರು ಎಂದು ಮೊದಲೇ ಭಾವಿಸಬೇಕು. ಅಲ್ಲವೆಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದ್ದು. ಅಲ್ಲಿನ ಪ್ರಜೆಯನ್ನು ಮದುವೆಯಾದವಳ ಮೇಲೆ ಈ ಅನುಮಾನ ಇನ್ನೂ ಹೆಚ್ಚಾಗುವುದು ಸಹಜ. ಸ್ಟಾಫ್ ರೂಮಿನವರು ಹೇಳಿದ್ದು ತಲೆಕೆಳಗಾಗಿತ್ತು. ಇದರ ಮೇಲೆ ಮೇಲ್ಮನವಿ ಇಲ್ಲ. ಮತ್ತೆ ಅರ್ಜಿ ಹಾಕಬಹುದು, ಬೇಕಾದರೆ ಮರುದಿನವೇ. ಶುಲ್ಕ ಮಾತ್ರ ಮತ್ತೆ ಪೂರ್ತಿ.

ಹೊರಗೆ ಬಂದಾಗ ಮಗಳು ನನ್ನ ಕೈಯ ಪಾಸ್‌ಪೋರ್ಟ್ ನೋಡಿ, “ಸಿಕ್ಕಿತಾ!” ಎಂದು ಓಡಿ ಬಂದಳು. ಅವಳಿಗೆ ಬಿಡಿಸಿ ಹೇಳಬೇಕಾಯಿತು. “ನೀನು ವಿದೇಶಿ ಹೆಂಡತಿನಾ ಅಮ್ಮಾ?” ಎಂದಳು. ಹುಟ್ಟಿದ ಊರು ಬಿಟ್ಟು ಎಲ್ಲೂ ಹೋಗದವಳಿಗೆ ಈ ಬಿರುದು ಬಂದದ್ದು ಅಂದೇ ಮೊದಲು.

ಮೇ ತಿಂಗಳಲ್ಲಿ ಅಪ್ಪ ಮಗಳು ಇಬ್ಬರೇ ಹೋದರು. ಹೋಗಲೇಬೇಕೆಂದು ನಾನೇ ಹೇಳಿದ್ದೆ. ಅತ್ತೆ ಕೇಕ್ ಕತ್ತರಿಸುವಾಗ ಫೋನನ್ನು ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದರು. ನನಗೆ ಕಂಡದ್ದು ಅರ್ಧ ಕೇಕು, ಅತ್ತೆಯ ಕೈ, ಓಡಾಡುವ ಜನರ ಸೊಂಟಗಳು. ಅತ್ತೆ ಬಗ್ಗಿ, “ಊಟ ಆಯ್ತಾ?” ಎಂದರು. ಆಯಿತು ಎಂದೆ. ಆಗಿರಲಿಲ್ಲ.

ಅವರು ಮರಳಿದ ಮೇಲೆ ಮತ್ತೆ ಅರ್ಜಿ ಹಾಕುವ ಮಾತು ಬಂತು. ಹಿಂದಿನದ್ದನ್ನೇ ಮತ್ತೆ ಹೇಳಿದರೆ ಉತ್ತರವೂ ಹಿಂದಿನದ್ದೇ ತಾನೇ? ನಮ್ಮ ಅಪ್ಪ ಮೇಷ್ಟರಾಗಿದ್ದವರು, ನಮ್ಮ ಜೊತೆಯಲ್ಲೇ ಇರುತ್ತಾರೆ. “ಅಳಿಯಂದಿರ ಕಾಗದವೇ ನೆಟ್ಟಗಿಲ್ಲವಲ್ಲಮ್ಮ. ಇಷ್ಟು ವರ್ಷವಾಗಿಯೂ ಇಲ್ಲಿ ನೆಂಟರ ಹಾಗೆ ಇದ್ದಾರೆ” ಎಂದರು. ಸರಿಯಾದ ಮಾತು. ಭಾರತೀಯರನ್ನು ಮದುವೆಯಾಗಿ ನೋಂದಾಯಿಸಿ ಎರಡು ವರ್ಷ ಕಳೆದ ಮೇಲೆ ವಿದೇಶಿಯರು ಓಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಪೂರ್ಣ ಪೌರತ್ವವಲ್ಲ. ಮತ ಹಾಕುವಂತಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ. ಆದರೆ ಪದೇ ಪದೇ ವೀಸಾ ಮುಂದುವರಿಸುವ ತಾಪತ್ರಯ ಇಲ್ಲ. ಇವರು ಅದನ್ನು ಹತ್ತು ವರ್ಷದಿಂದ ಮುಂದೂಡುತ್ತ ಬಂದಿದ್ದರು. ಕೇಳಿದಾಗಲೆಲ್ಲ, “ನೋಡೋಣ” ಎನ್ನುತ್ತಿದ್ದರು. ಕನ್ನಡ ಅಷ್ಟು ಚೆನ್ನಾಗಿ ಕಲಿತಿದ್ದರು!

ಅರ್ಜಿ ಹಾಕಿದ ಮೇಲೆ ಪೊಲೀಸರೊಬ್ಬರು ವಿಚಾರಣೆಗೆ ಮನೆಗೆ ಬಂದರು. ಕಾಫಿ ಕುಡಿಯುತ್ತ ಅಪ್ಪನನ್ನು ಕೇಳಿದರು: “ಇವರು ಖಾಯಮ್ಮಾಗಿ ಇಲ್ಲೇ ಇರ್ತಾರಾ ಸಾರ್, ಇಲ್ಲಾ ಬಿಟ್ಟು ಹೋಗಿಬಿಡ್ತಾರಾ?” ಒಳಗಿನಿಂದ ಕೇಳಿಸಿಕೊಂಡ ನನಗೆ ನಗು ಬಂತು. ಅಲ್ಲಿಯವರಿಗೆ ನಾನು ಅಲ್ಲಿ ಇರುವುದಿಲ್ಲವೆಂದು ನಂಬಿಸಬೇಕು. ಇಲ್ಲಿಯವರಿಗೆ ಇವರು ಇಲ್ಲೇ ಇರುತ್ತಾರೆಂದು ನಂಬಿಸಬೇಕು. ಎರಡೂ ಒಂದೇ ಸಂಸಾರದ ಕಥೆ. ಚೆನ್ನೈನಿಂದ ಬಂದ ದಿನ ಆ ದೇಶದ ಮೇಲೆ ನನಗೆ ಬಹಳ ಸಿಟ್ಟಿತ್ತು. ಆ ಪೊಲೀಸಣ್ಣ ಲೋಟ ಕೆಳಗಿಡುವ ಹೊತ್ತಿಗೆ ಅದರಲ್ಲಿ ಅರ್ಧ ಇಳಿದಿತ್ತು.

ಕಾರ್ಡು ಕೈಗೆ ಬಂದ ಮೇಲೆ ನನ್ನ ಎರಡನೇ ಅರ್ಜಿ. ‘ಹಿಂದೆ ಎಂದಾದರೂ ವೀಸಾ ನಿರಾಕರಿಸಲಾಗಿದೆಯೇ’ ಎಂಬ ಪ್ರಶ್ನೆ ಅದರಲ್ಲಿದೆ. ಪರಿಚಯದವರೊಬ್ಬರು, “ಇಲ್ಲ ಅಂತ ಹಾಕಿ ಮೇಡಂ, ಯಾರು ನೋಡ್ತಾರೆ?” ಎಂದರು. ನೋಡುತ್ತಾರೆ. ಎಲ್ಲವೂ ದಾಖಲೆಯಲ್ಲಿರುತ್ತದೆ. ನಿರಾಕರಣೆಯಾದವರಿಗೆ ಮುಂದೆ ವೀಸಾ ಸಿಕ್ಕೀತು, ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಬಾಗಿಲೇ ಮುಚ್ಚಬಹುದು. ‘ಹೌದು’ ಎಂದು ಬರೆದೆ, ತಾರೀಖಿನ ಸಮೇತ.

ಇನ್ನು ನನ್ನ ನಾಲಗೆಯನ್ನು ತಿದ್ದುವ ಕೆಲಸವನ್ನು ಮಗಳು ವಹಿಸಿಕೊಂಡಳು. ಊಟದ ಮೇಜಿನ ಆಚೆ ಬದಿಗೆ ತಾತನ ಕನ್ನಡಕ ಹಾಕಿಕೊಂಡು ಕೂತು ಪ್ರಶ್ನೆ ಕೇಳುವಳು. ‘ನೋಡೋಣ’ ಎಂದರೆ ರಬ್ಬರಿನಿಂದ ಮೇಜಿಗೆ ಟಪ್ ಎಂದು ಕುಟ್ಟಿ, “ರಿಜೆಕ್ಟ್!” ಎನ್ನುವಳು. ಕ್ರಮೇಣ ಇಡೀ ಮನೆಗೆ ಇದು ಹಬ್ಬಿತು. ಒಂದು ಭಾನುವಾರ ಲೆಕ್ಕ ಹಾಕಿದಳು. ನಾನು ಹನ್ನೊಂದು ಸಲ, ತಾತ ಆರು, ಅವಳ ಅಪ್ಪ ಹದಿನಾಲ್ಕು.

2025ರ ಫೆಬ್ರವರಿಯಲ್ಲಿ ಮತ್ತೆ ಅದೇ ರೈಲು, ಅದೇ ಸಾಲು. ಈ ಸಲ ಬೇರೆ ಅಧಿಕಾರಿ. ಕಳೆದ ಸಲಕ್ಕೂ ಈಗಕ್ಕೂ ಏನು ಬದಲಾಗಿದೆ ಎಂದು ಕೇಳಿದರು. ಗಂಡನಿಗೆ ಓಸಿಐ ಬಂದಿದೆ ಎಂದೆ. ಅಮೆರಿಕದಲ್ಲಿ ನೆಲೆಸುತ್ತೀರಾ?

“ಇಲ್ಲ. ನಮ್ಮ ಮನೆ ಮೈಸೂರಿನಲ್ಲಿದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಮೇ ಕೊನೆಗೆ ಶಾಲೆ ತೆರೆಯುತ್ತದೆ. ಅಪ್ಪ ನಮ್ಮ ಜೊತೆಗಿದ್ದಾರೆ. ಅತ್ತೆ ಇನ್ನು ಪ್ರಯಾಣ ಮಾಡಲಾರರು, ಅವರನ್ನು ಐದು ವಾರ ನೋಡಿಕೊಂಡು ಬರುತ್ತೇನೆ.”

ಅಷ್ಟು ಗಟ್ಟಿಯಾಗಿ ‘ಇಲ್ಲ’ ಎಂದು ಯಾರಿಗಾದರೂ ಹೇಳಿದ್ದು ನನಗೆ ನೆನಪಿಲ್ಲ. ಕೆನ್ನೆ ಬಿಸಿಯಾಯಿತು. ಅವರು ಟೈಪ್ ಮಾಡುತ್ತಲೇ ಇದ್ದರು. ಫೈಲನ್ನು ಈ ಸಲವೂ ಕೇಳಲಿಲ್ಲ. ಪಾಸ್‌ಪೋರ್ಟನ್ನು ತಮ್ಮ ಬದಿಯ ಟ್ರೇಗೆ ಹಾಕಿಕೊಂಡು, ವೀಸಾ ಮಂಜೂರಾಗಿದೆ ಎಂದರು.

ಹೊರಗೆ ಮಗಳು ನನ್ನ ಬರಿಗೈ ನೋಡಿ ರಸ್ತೆಯಲ್ಲೇ ಕುಣಿದಳು. ಪಕ್ಕದಲ್ಲಿದ್ದ ಆಟೋದವರಿಗೆ ಏನೂ ತಿಳಿಯಲಿಲ್ಲ.

ಏಪ್ರಿಲಿನಲ್ಲಿ ಹೊರಟೆವು. ಷಿಕಾಗೊ ವಿಮಾನ ನಿಲ್ದಾಣದಲ್ಲಿ ಅಲ್ಲಿನ ಪ್ರಜೆಗಳಿಗೊಂದು ಸಾಲು, ಹೊರಗಿನವರಿಗೆ ಇನ್ನೊಂದು. ಮಗಳು ನನ್ನ ಸಾಲಿಗೇ ಬಂದು ನಿಂತಳು, ಅವಳ ಹಿಂದೆ ಇವರೂ. ವೀಸಾ ಹತ್ತು ವರ್ಷದ್ದಾದರೂ ಅದು ಬಾಗಿಲು ತಟ್ಟುವ ಅನುಮತಿ ಮಾತ್ರ; ಒಳಗೆ ಬಿಡುವುದೂ, ಎಷ್ಟು ದಿನವೆಂದು ಹೇಳುವುದೂ ಅಲ್ಲಿನ ಅಧಿಕಾರಿ. “ಐದು ವಾರ” ಎಂದೆ. ಆರು ತಿಂಗಳವರೆಗೆ ಇರಬಹುದೆಂದು ಬರೆದುಕೊಂಡರು.

ಅತ್ತೆಯ ಮನೆಗೆ ಮೆಟ್ಟಿಲು ನಾಲ್ಕೇ. ಕೋಲು ಊರಿಕೊಂಡು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು. ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು, ಕೇಳಿದರು. ಈ ಸಲ ಅವರ ಒಲೆಯ ಮೇಲೆ ನಿಜಕ್ಕೂ ಅಡುಗೆ ಬೇಯುತ್ತಿತ್ತು.

ಹೊರಡುವ ದಿನ ಅಡುಗೆಮನೆಯ ಕ್ಯಾಲೆಂಡರಿನ ಎದುರು ನಿಂತು, “ಮುಂದಿನ ವರ್ಷ ಯಾವ ತಿಂಗಳಿಗೆ ಗುರುತು ಹಾಕಲಿ?” ಎಂದರು. ಆ ಪದ ನಾಲಗೆಯ ತುದಿಗೆ ಬಂದಿತ್ತು. ಮಗಳು ಜೇಬಿಗೆ ಕೈ ಹಾಕಿ ರಬ್ಬರು ಹುಡುಕುತ್ತಿದ್ದಳು.

“ಏಪ್ರಿಲಿಗೆ ಹಾಕಿ ಅತ್ತೆ” ಎಂದೆ.